ಹಳೆಯ ಅಣೆಕಟ್ಟಿನ ಏರಿಯ ಬುಡದಲ್ಲಿ ಹೊಸದಾಗಿ ನೀರು ಒಸರುತ್ತಿದೆ: ಏನನ್ನು ಗಮನಿಸಬೇಕು, ಯಾರನ್ನು ಕೇಳಬೇಕು?

ಪ್ರಶ್ನೆ: ಹಾಸನ ಜಿಲ್ಲೆಯ ಒಬ್ಬ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಜಲಾಶಯದ ಕೆಳಗಿರುವ ಊರು. ಜಲಾಶಯದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದ ಮರುಗಳಿಗೆಯೇ ಅದು ವಾಟ್ಸ್‌ಆ್ಯಪ್‌ನಲ್ಲಿ ‘ಅಣೆಕಟ್ಟು ಬಿರುಕು ಬಿಟ್ಟಿದೆ’ ಎಂಬ ಸುದ್ದಿಯಾಗಿ ಹರಿದಾಡುತ್ತದೆ. ಅದಕ್ಕೆ ನಡುವೆ ಕಲ್ಲುಕಟ್ಟಡದ ಕೋಡಿ, ಕೋಡಿಗೆ ಮೂರು ಗೇಟು, ಎರಡೂ ಬದಿಗೆ ಮಣ್ಣಿನ ಏರಿ ಇದೆ. ನಮ್ಮ ತಂದೆಯವರು ಹುಡುಗರಾಗಿದ್ದಾಗ ಅದರ ಕೆಲಸಕ್ಕೆ ಮಣ್ಣು ಹೊತ್ತಿದ್ದರಂತೆ. ಆ ಲೆಕ್ಕದಲ್ಲಿ ಅದಕ್ಕೆ ಅರವತ್ತು ವರ್ಷವಾದರೂ ಆಗಿರಬೇಕು.

ಏರಿಯ ಬುಡದಲ್ಲಿ ಮೊದಲಿನಿಂದಲೂ ಒಂದಿಷ್ಟು ಜೌಗು ಇದ್ದೇ ಇದೆ. ಅಮ್ಮ ಪ್ರತಿ ಮಳೆಗಾಲದಲ್ಲೂ ಅಲ್ಲಿಂದಲೇ ಕೆಸುವಿನ ಎಲೆ ಕೊಯ್ದು ತರುತ್ತಿದ್ದರು. ಈ ವರ್ಷ ಪುನರ್ವಸು ಮಳೆಗೇ ಜಲಾಶಯ ತುಂಬಿತು. ತುಂಬಿದ ಹತ್ತು ಹದಿನೈದು ದಿನಗಳಲ್ಲಿ ಹಳೆಯ ಜೌಗಿನಿಂದ ಇಪ್ಪತ್ತು ಮಾರು ಆಚೆ, ಎಂದೂ ಒದ್ದೆಯಾಗದಿದ್ದ ಜಾಗದಲ್ಲಿ ನೀರು ಒಸರಲು ಶುರುವಾಗಿದೆ. ಹೆಚ್ಚೇನಲ್ಲ, ಹೆಬ್ಬೆರಳು ಗಾತ್ರದ ಧಾರೆ. ಸಂಬಂಧಪಟ್ಟ ಕಚೇರಿಗೆ ಹೋಗಿ ಹೇಳಿದಾಗ, ಮಣ್ಣಿನ ಏರಿ ಎಂದ ಮೇಲೆ ನೀರು ಜಿನುಗುವುದು ಸಹಜ, ಚಿಂತಿಸಬೇಡಿ ಎಂದು ಹೇಳಿ ಕಳುಹಿಸಿದರು. ಅವರು ಹೇಳಿದ್ದು ಸುಳ್ಳೆಂದು ನಾನು ವಾದಿಸುತ್ತಿಲ್ಲ. ಆದರೆ ಬಂದು ನೋಡದೆಯೇ ಹೇಳಿದರಲ್ಲ ಎಂಬುದು ನನ್ನ ಸಂಕಟ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ ಗೇಟು ಕೊಚ್ಚಿಹೋದಾಗಿನಿಂದ ನಮ್ಮ ಊರಿನಲ್ಲಿ ಒಂದೇ ಮಾತು: ವಯಸ್ಸಾದ ಅಣೆಕಟ್ಟುಗಳೆಲ್ಲ ಹೀಗೇ, ಇನ್ನು ಗೊರೂರಿನ ಹೇಮಾವತಿ ಅಣೆಕಟ್ಟೂ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೂ ಬಾಕಿ ಎಂದು. ಅಣೆಕಟ್ಟಿಗೆ ನಿಜವಾಗಿಯೂ ವಯಸ್ಸಾಗುತ್ತದೆಯೇ? ಓದು ಬರಹ ಬಲ್ಲ, ಆದರೆ ಎಂಜಿನಿಯರಿಂಗ್ ತಿಳಿಯದ ನಮ್ಮಂಥವರು ಏರಿಯ ಬುಡದಲ್ಲಿ ನಿಂತು ಏನನ್ನು ನೋಡಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1: ನಿವೃತ್ತ ಎಂಜಿನಿಯರ್, ಚಿಕ್ಕಮಗಳೂರು

ಸ್ವಾಮಿ, ಪ್ರಶ್ನೆಯನ್ನು ತಾವು ಗಾಬರಿಯಿಲ್ಲದೆ ಕೇಳಿದ್ದೀರಿ. ಅಷ್ಟೇ ಸಮಾಧಾನದಿಂದ ಉತ್ತರಿಸಲು ಪ್ರಯತ್ನಿಸುತ್ತೇನೆ. ನನ್ನ ಸೇವೆಯ ಬಹುಭಾಗ ಕಳೆದದ್ದು ಅಣೆಕಟ್ಟುಗಳ ನಿರ್ವಹಣೆಯಲ್ಲೇ.

ಮೊದಲು ವಯಸ್ಸಿನ ಮಾತು. ಅಣೆಕಟ್ಟು ಎಂಬುದು ಒಂದೇ ವಸ್ತುವಲ್ಲ. ಮಣ್ಣು, ಕಲ್ಲು, ಗಾರೆ, ಕಬ್ಬಿಣ, ರಬ್ಬರು, ತಂತಿಹಗ್ಗ, ವಿದ್ಯುತ್ ಮೋಟಾರು ಇವೆಲ್ಲ ಒಂದೆಡೆ ಸೇರಿರುವ ಜೋಡಣೆ ಅದು, ಮತ್ತು ಇವು ಒಂದೊಂದೂ ಮುಪ್ಪಾಗುವ ವೇಗ ಬೇರೆ. ಗೇಟಿನ ರಬ್ಬರ್ ಸೀಲು ಕೆಲವೇ ವರ್ಷಗಳಲ್ಲಿ ಗಟ್ಟಿಯಾಗಿ ನೀರು ಬಿಡತೊಡಗುತ್ತದೆ. ಸರಪಳಿ ಮತ್ತು ತಂತಿಹಗ್ಗಗಳು ಹೊರಗೆ ಗ್ರೀಸಿನಿಂದ ಹೊಳೆಯುತ್ತಿದ್ದರೂ ಒಳಗೆ ತುಕ್ಕು ತಿಂದಿರಬಹುದು. ಚೆನ್ನಾಗಿ ಕಟ್ಟಿದ ಕಲ್ಲಿನ ಗೋಡೆ ಮಾತ್ರ ನೂರು ವರ್ಷವಾದರೂ ಅಲುಗದು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನಲ್ಲಿ 2024ರ ಆಗಸ್ಟ್ 10ರ ರಾತ್ರಿ ಸೋತದ್ದು ಗೋಡೆಯಲ್ಲ. ಮೂವತ್ತಮೂರು ಕ್ರಸ್ಟ್ ಗೇಟುಗಳ, ಅಂದರೆ ಕೋಡಿಯ ಮೇಲಿನ ಗೇಟುಗಳ, ಪೈಕಿ ಹತ್ತೊಂಬತ್ತನೆಯದರ ಸರಪಳಿ. ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಆ ಗೇಟು ನೀರಿನಲ್ಲಿ ಹೋಯಿತು, ಅಣೆಕಟ್ಟು ನಿಂತೇ ಇತ್ತು. ಸುಮಾರು ಒಂದು ವಾರದಲ್ಲಿ ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್ ಹಲಗೆಗಳನ್ನು ಇಳಿಸಿ ತೆರಪನ್ನು ಮುಚ್ಚಿದರು. ಅಂಥ ಹಲಗೆಗಳು ಮೊದಲೇ ಸಿದ್ಧವಾಗಿದ್ದು, ಇಳಿಸಲು ಕ್ರೇನ್ ಸ್ಥಳದಲ್ಲೇ ಇದ್ದಿದ್ದರೆ ನಷ್ಟ ಬಹಳ ಕಡಿಮೆಯಾಗುತ್ತಿತ್ತು. ಆದ್ದರಿಂದ ಯಾವುದೇ ಜಲಾಶಯದ ಬಗ್ಗೆ ಕೇಳಬೇಕಾದ್ದು ‘ಎಷ್ಟು ವರ್ಷವಾಯಿತು’ ಎಂದಲ್ಲ. ‘ಗೇಟುಗಳನ್ನು ಕೊನೆಯ ಬಾರಿ ಪೂರ್ತಿ ಎತ್ತಿ ಇಳಿಸಿ ನೋಡಿದ್ದು ಯಾವಾಗ, ಕರೆಂಟು ಹೋದರೆ ಎತ್ತಲು ಜನರೇಟರ್ ಇದೆಯೇ, ಅದಕ್ಕೆ ಡೀಸೆಲ್ ಇದೆಯೇ’ ಎಂದು ಕೇಳಬೇಕು. ಜಲಾಶಯ ತುಂಬಿದಾಗ ಬಾಗಿನ ಅರ್ಪಿಸುವ ಫೋಟೋ ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ. ಮೇ ತಿಂಗಳಲ್ಲಿ ಯಾರೋ ಒಬ್ಬ ಫಿಟ್ಟರ್ ಗೇಟಿನ ಬೇರಿಂಗಿಗೆ ಗ್ರೀಸು ತುಂಬಿದ ಫೋಟೋ ಎಲ್ಲಿಯೂ ಬಂದದ್ದನ್ನು ನಾನು ಕಾಣೆ.

ಮಣ್ಣಿನ ಏರಿಯ ಕಥೆ ಬೇರೆ, ಮತ್ತು ತಮ್ಮ ಪ್ರಶ್ನೆ ಇರುವುದು ಅಲ್ಲಿಯೇ. ಕಲ್ಲಿನ ಅಣೆಕಟ್ಟಿನ ಮೇಲೆ ಸ್ವಲ್ಪ ನೀರು ಹರಿದರೂ ಅದು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಮಣ್ಣಿನ ಏರಿಯ ಮೇಲೆ ಹರಿದರೆ ಅದು ಕರಗುತ್ತದೆ. ಗುಜರಾತಿನ ಮೋರ್ಬಿಯ ಮೇಲಿದ್ದ ಮಚ್ಚು-2 ಅಣೆಕಟ್ಟಿನಲ್ಲಿ 1979ರ ಆಗಸ್ಟ್ 11ರಂದು ಆದದ್ದು ಅದೇ. ಕೋಡಿ ಹೊರಹಾಕಲಾರದಷ್ಟು ಪ್ರವಾಹ ಬಂದು, ನೀರು ಎರಡೂ ಬದಿಯ ಮಣ್ಣಿನ ಏರಿಯನ್ನು ಹತ್ತಿ ಇಳಿಯಿತು. ನಡುವಿನ ಕಲ್ಲಿನ ಕೋಡಿ ಉಳಿಯಿತು, ಏರಿಗಳು ಉಳಿಯಲಿಲ್ಲ, ಕೆಳಗಿನ ಊರಿನಲ್ಲಿ ಸಾವಿರಾರು ಜನ ಸತ್ತರು. ನಮ್ಮ ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣಗೊಂಡದ್ದೂ ಅದೇ 1979ರಲ್ಲಿ. ಆಂಧ್ರದ ಕಡಪ ಜಿಲ್ಲೆಯ ಅನ್ನಮಯ್ಯ ಅಣೆಕಟ್ಟು 2021ರ ನವೆಂಬರ್ 19ರಂದು ಒಡೆದಾಗ ಅದರ ಐದು ಗೇಟುಗಳಲ್ಲಿ ಒಂದು ಕೆಲಸ ಮಾಡುತ್ತಿರಲಿಲ್ಲ; ಅಲ್ಲಿಯೂ ಕೊಚ್ಚಿಹೋದದ್ದು ಮಣ್ಣಿನ ಏರಿ. ಕೆಟ್ಟ ಗೇಟು ಮಣ್ಣಿನ ಏರಿಗೆ ಹೇಗೆ ಮೃತ್ಯುವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಗೊರೂರಿನದೂ ಕಲ್ಲಿನ ಕೋಡಿ, ಮಣ್ಣಿನ ಏರಿಯ ಜೋಡಣೆಯೇ: ಒಟ್ಟು 4,692 ಮೀಟರ್ ಉದ್ದ, 58.5 ಮೀಟರ್ ಎತ್ತರ, ಕೋಡಿಗೆ ಆರು ಗೇಟು, 37.1 ಟಿಎಂಸಿ ನೀರು. ಹೆದರಿಸಲು ಇದನ್ನು ಹೇಳುತ್ತಿಲ್ಲ; ಇಂಥ ರಚನೆಯಲ್ಲಿ ಆರು ಗೇಟೂ ಏಳುವ ಸ್ಥಿತಿಯಲ್ಲಿರುವುದು ಏರಿಯ ಜೀವಕ್ಕೆ ಸಂಬಂಧಿಸಿದ ವಿಷಯ ಎಂದು ತಿಳಿಸಲು ಹೇಳುತ್ತಿದ್ದೇನೆ.

ಇನ್ನು ಒಸರಿನ ಮಾತು. ಕಚೇರಿಯವರು ಹೇಳಿದ್ದು ಅರ್ಧ ಸರಿ. ನೀರು ಜಿನುಗದ ಮಣ್ಣಿನ ಏರಿ ಇಲ್ಲ. ಹಾಗೆ ಜಿನುಗಿದ ನೀರನ್ನು ಹೊರಕ್ಕೆ ಒಯ್ಯಲೆಂದೇ ಬುಡದಲ್ಲಿ ಜಲ್ಲಿ ಮತ್ತು ಮರಳಿನ ಸೋಸುಪದರವನ್ನೂ ಚರಂಡಿಯನ್ನೂ ಮಾಡಿರುತ್ತಾರೆ. ಪ್ರಶ್ನೆ ಇರುವುದು ನೀರು ತನ್ನ ಜೊತೆ ಮಣ್ಣನ್ನು ತರುತ್ತಿದೆಯೇ ಎಂಬುದರಲ್ಲಿ. ಮಣ್ಣು ತರುವ ನೀರು ಏರಿಯೊಳಗೆ ಹಿಂದಕ್ಕೆ ಹಿಂದಕ್ಕೆ ಕೊರೆಯುತ್ತಾ ಕೊಳವೆಯಂಥ ದಾರಿ ಮಾಡಿಕೊಳ್ಳುತ್ತದೆ, ಅದು ಜಲಾಶಯವನ್ನು ಮುಟ್ಟಿದ ದಿನ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಜಾಗ ಹೊಸದು ಎಂದು ತಾವು ಬರೆದಿರುವುದು ಮುಖ್ಯ. ಹಳೆಯ ಜೌಗಿಗಿಂತ ಹೊಸ ಒಸರನ್ನು ಹೆಚ್ಚು ಗಮನಿಸಬೇಕು; ಅದರಲ್ಲೂ ಅದು ತೂಬಿನ ಕೊಳವೆಯ ಆಸುಪಾಸಿನಲ್ಲಿ ಅಥವಾ ಮಣ್ಣು ಕಲ್ಲಿಗೆ ಕೂಡುವ ಜಾಗದಲ್ಲಿ ಇದ್ದರೆ ಒಂದು ದಿನವೂ ಕಾಯಬಾರದು.

ತಾವು ಮಾಡಬಹುದಾದ್ದು ಇಷ್ಟು. ಒಂದು ಪಾರದರ್ಶಕ ಬಾಟಲಿಯಲ್ಲಿ ಆ ನೀರನ್ನು ತುಂಬಿ ರಾತ್ರಿಯಿಡೀ ಅಲುಗಿಸದೆ ಇಡಿ; ಬೆಳಿಗ್ಗೆ ತಳದಲ್ಲಿ ಮಣ್ಣು ಕುಳಿತಿದೆಯೇ ನೋಡಿ. ಧಾರೆಯನ್ನು ಒಂದು ತಗಡಿನಿಂದಲೋ ಪೈಪಿನಿಂದಲೋ ಕೂಡಿಸಿ ಬಕೆಟ್ಟಿಗೆ ಹಿಡಿದು, ತುಂಬಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆದಿಡಿ. ಅದೇ ಹೊತ್ತಿಗೆ ತೂಬಿನ ಕಂಬದ ಅಳತೆಪಟ್ಟಿಯಲ್ಲಿ ಜಲಾಶಯದ ಮಟ್ಟ ಎಷ್ಟಿದೆ ಎಂಬುದನ್ನೂ ಬರೆಯಬೇಕು. ಮಟ್ಟ ಬರೆಯದ ಅಳತೆ ಕೆಲಸಕ್ಕೆ ಬಾರದು. ಮಟ್ಟ ಇಳಿದಂತೆ ಧಾರೆಯೂ ಇಳಿದರೆ ಸ್ವಲ್ಪ ನೆಮ್ಮದಿ. ಮಟ್ಟ ಇಳಿಯುತ್ತಿದ್ದರೂ ಧಾರೆ ಹೆಚ್ಚಿದರೆ, ನೀರು ಕೆಂಪಾದರೆ, ಅಥವಾ ಬುಗ್ಗೆಯ ಸುತ್ತ ಇರುವೆಗೂಡಿನಂತೆ ಮರಳಿನ ಗುಡ್ಡೆ ಎದ್ದರೆ ತಕ್ಷಣ ತಹಶೀಲ್ದಾರರಿಗೂ ಎಂಜಿನಿಯರರಿಗೂ ಫೋನು ಮಾಡಿ.

ಒಂದು ಎಚ್ಚರಿಕೆ. ಊರಿನವರು ಉತ್ಸಾಹದಿಂದ ಜೇಡಿಮಣ್ಣು ತಂದು ಒಸರನ್ನು ಮೆತ್ತಿ ಮುಚ್ಚುವುದನ್ನು ನಾನು ಕಂಡಿದ್ದೇನೆ. ಅದನ್ನು ಮಾಡಬೇಡಿ. ಮುಚ್ಚಿದ ನೀರು ಇನ್ನೊಂದು ಕಡೆ, ಇನ್ನಷ್ಟು ಒತ್ತಡದಿಂದ ಹೊರಬರುತ್ತದೆ. ಅಲ್ಲಿ ತಡೆಯಬೇಕಾದ್ದು ಮಣ್ಣನ್ನು, ನೀರನ್ನಲ್ಲ. ಇಲಾಖೆಯವರು ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹೀಗೆ ಹೇರಿ, ಮಣ್ಣು ಒಳಗೇ ನಿಂತು ತಿಳಿನೀರು ಮಾತ್ರ ಹೊರಬರುವಂತೆ ಮಾಡುತ್ತಾರೆ. ಹಾಗೆಯೇ, ಜೌಗು ಒಣಗಲೆಂದು ಯಾರಾದರೂ ಜೆಸಿಬಿ ತಂದು ಏರಿಯ ಬುಡದಲ್ಲಿ ಕಾಲುವೆ ತೋಡಲು ಹೊರಟರೆ ಅಡ್ಡ ನಿಂತು ತಡೆಯಿರಿ.

ಉತ್ತರ 2: ಕಡೂರು ತಾಲ್ಲೂಕಿನ ತೆಂಗು ಬೆಳೆಗಾರ

ಎಂಜಿನಿಯರ್ ಸಾಹೇಬರ ಮಾತಿಗೆ ನನ್ನದೊಂದು ತಕರಾರಿದೆ. ಹಳೆಯದನ್ನು ಕಂಡರೆ ಹೆದರುವ ಅಗತ್ಯವೇ ಇಲ್ಲ ಎಂಬುದು ನಮ್ಮ ಕಡೆಯವರ ಅನುಭವ. ಸಖರಾಯಪಟ್ಟಣದ ಅಯ್ಯನಕೆರೆಯನ್ನು ನೋಡಿ. ರುಕ್ಮಾಂಗದ ರಾಯ ಕಟ್ಟಿಸಿದ್ದೆಂದು ಪ್ರತೀತಿ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಅದನ್ನು ಜೀರ್ಣೋದ್ಧಾರ ಮಾಡಿದರು. ಇಂದಿಗೂ ಅದು ನೀರು ಹಿಡಿಯುತ್ತದೆ, ಕೋಡಿ ಬೀಳುತ್ತದೆ. ನಮ್ಮ ಬೆಟ್ಟಗಳಿಂದ ಇಳಿದ ವೇದಾ ಮತ್ತು ಅವತಿ ಹೊಳೆಗಳು ಕೂಡಿ ವೇದಾವತಿಯಾಗಿ ಮುಂದೆ ಹೋಗಿ ತುಂಬಿಸುವ ಹಿರಿಯೂರಿನ ಮಾರಿಕಣಿವೆ (ವಾಣಿವಿಲಾಸ ಸಾಗರ) ಅಣೆಕಟ್ಟು 1907ರದು. 1933ರ ನಂತರ ಅದು ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ವರ್ಷ ತುಂಬದೆ ನಿಂತಿದ್ದ ಗೋಡೆ 130 ಅಡಿ ನೀರನ್ನು ಹೊತ್ತು ಒಂದಿಷ್ಟೂ ಮಿಸುಕಲಿಲ್ಲ. ಆಗ ಸುಣ್ಣದ ಗಾರೆ ಅರೆಯುವವರಿದ್ದರು. ಈಗ ಟೆಂಡರ್ ಇದೆ.

ಹಾಗಿದ್ದರೂ ಪ್ರಶ್ನೆ ಕೇಳಿದವರಿಗೆ ನನ್ನದೊಂದು ಸಲಹೆ ಇದೆ. ನಮ್ಮ ತಾತನ ಕಾಲದಲ್ಲಿ ಕೆರೆಗೆ ನೀರಗಂಟಿ ಇರುತ್ತಿದ್ದ. ಮಳೆಗಾಲದಲ್ಲಿ ಕಂಬಳಿ ಹೊದ್ದು, ಕೈಯಲ್ಲಿ ಕೋಲು ಹಿಡಿದು ಏರಿಯ ಮೇಲೂ ಬುಡದಲ್ಲೂ ನಡೆಯುವುದೇ ಅವನ ಕೆಲಸ. ಏಡಿ ತೋಡಿದ ಬಿಲ, ಹೆಗ್ಗಣದ ಬಿಲ, ಹುತ್ತ, ಕುಸಿದ ಸೋಪಾನದ ಕಲ್ಲು ಇವನ್ನೆಲ್ಲ ಅವನು ಕಣ್ಣಿನಿಂದಲ್ಲ, ಕಾಲಿನಿಂದಲೇ ಗುರುತಿಸುತ್ತಿದ್ದ. ಏರಿಯ ಮೇಲೆ ಮರ ಹುಟ್ಟಿದರೆ ಗಿಡವಾಗಿದ್ದಾಗಲೇ ಬೇರುಸಹಿತ ಕಿತ್ತು, ಆ ಗುಂಡಿಗೆ ಮಣ್ಣು ತುಂಬಿ ದಮ್ಮಸ್ಸು ಮಾಡುತ್ತಿದ್ದರು. ಈಗ ನಮ್ಮ ಪಕ್ಕದ ಕೆರೆಯ ಏರಿಯ ಮೇಲೆ ಜಾಲಿ ಮರಗಳು ತೊಡೆಗಾತ್ರ ಬೆಳೆದಿವೆ, ಬುಡದ ಮಣ್ಣನ್ನು ಇಟ್ಟಿಗೆ ಗೂಡಿಗೆ ಹೊಡೆಯುತ್ತಾರೆ. ತಮ್ಮ ಜಲಾಶಯದಲ್ಲಿ ಅಂಥದೇನಾದರೂ ನಡೆಯುತ್ತಿದೆಯೇ ನೋಡಿ.

ನಿವೃತ್ತ ಎಂಜಿನಿಯರ್, ಚಿಕ್ಕಮಗಳೂರು

ತಾವು ಹೇಳಿದ ನೀರಗಂಟಿಯ ಕೆಲಸಕ್ಕೆ ಯಾವ ಉಪಕರಣವೂ ಸಮನಲ್ಲ, ಒಪ್ಪಿದೆ. ಆದರೆ ಹಳೆಯದೆಲ್ಲ ಗಟ್ಟಿ ಎಂಬುದನ್ನು ಒಪ್ಪಲಾರೆ. ಒಡೆದುಹೋದ ಕೆರೆಗಳು ಇಂದು ಹೊಲವಾಗಿವೆ, ಹೆಸರಿನಲ್ಲಿ ಮಾತ್ರ ಕೆರೆಯಾಗಿ ಉಳಿದಿವೆ. ಉಳಿದುಕೊಂಡವು ಮಾತ್ರ ನಮ್ಮ ಕಣ್ಣಿಗೆ ಕಾಣುತ್ತವೆ. ಅಯ್ಯನಕೆರೆಗೆ 1156ರಲ್ಲಿ ಜೀರ್ಣೋದ್ಧಾರ ಬೇಕಾಯಿತು ಎಂಬ ಮಾತನ್ನು ತಾವೇ ಬರೆದಿದ್ದೀರಿ. ಇನ್ನು ಸುಣ್ಣದ ಗಾರೆಯ ಮಾತು: ಗಾರೆಯೊಳಗಿನ ಸುಣ್ಣವನ್ನು ಜಿನುಗುವ ನೀರು ವರ್ಷ ವರ್ಷವೂ ಕರಗಿಸಿ ಒಯ್ಯುತ್ತದೆ. ಕಲ್ಲಿನ ಅಣೆಕಟ್ಟಿನ ಒಳಗಿನ ಗ್ಯಾಲರಿಯಲ್ಲಿ, ಅಂದರೆ ತಪಾಸಣೆಗೆಂದು ಬಿಟ್ಟ ಸುರಂಗದಂಥ ಓಣಿಯಲ್ಲಿ, ನಡೆದರೆ ಗೋಡೆಯ ಮೇಲೆ ಬಿಳಿಯ ಹರಳುಗಟ್ಟಿದ ಗೆರೆಗಳು ಕಾಣುತ್ತವೆ. ಅದು ಹಾಗೆ ಹೊರಬಂದ ಸುಣ್ಣ. ಅದನ್ನು ತುಂಬಲು ರಂಧ್ರ ಕೊರೆದು ಸಿಮೆಂಟ್ ಹಾಲನ್ನು ಒತ್ತಡದಿಂದ ಒಳಕ್ಕೆ ಹಾಯಿಸಬೇಕಾಗುತ್ತದೆ. ಆ ಕೆಲಸ ಮಾಡುವಾಗ ಗ್ಯಾಲರಿಯ ಚರಂಡಿ ರಂಧ್ರಗಳು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು, ಏಕೆಂದರೆ ಅವು ಮುಚ್ಚಿದರೆ ಅಡಿಪಾಯದ ಕೆಳಗಿನ ನೀರು ಅಣೆಕಟ್ಟನ್ನು ಮೇಲಕ್ಕೆ ಎತ್ತಲು ಒತ್ತುತ್ತದೆ.

ಹಳೆಯ ಅಣೆಕಟ್ಟುಗಳಿಗೆ ಇನ್ನೂ ಒಂದು ತೊಡಕಿದೆ, ಅದು ಗಾರೆಯದಲ್ಲ. ಕಟ್ಟುವಾಗ ಇದ್ದ ಅಲ್ಪಸ್ವಲ್ಪ ಮಳೆ ದಾಖಲೆಯ ಮೇಲೆ ಅವುಗಳ ಕೋಡಿಯ ಅಗಲವನ್ನು ಲೆಕ್ಕ ಹಾಕಿದ್ದರು. 2018 ಮತ್ತು 2019ರ ಆಗಸ್ಟ್‌ನಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಗುಡ್ಡಗಳೇ ಜಾರಿ ಬಂದದ್ದನ್ನು ಕಂಡವರಿಗೆ ಆ ಲೆಕ್ಕವನ್ನು ಮತ್ತೆ ಹಾಕಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡದ ಮಣ್ಣು ಜಲಾಶಯದಲ್ಲಿ ಹೂಳಾಗಿ ಕೂರುತ್ತದೆ ಎಂಬುದು ಬೇರೆ: 133 ಟಿಎಂಸಿ ಎಂದು ಕಟ್ಟಿದ ತುಂಗಭದ್ರಾದಲ್ಲಿ ಈಗ ಹಿಡಿಯುವುದು ಸುಮಾರು 105 ಟಿಎಂಸಿ.

ಉತ್ತರ 3: ಹಾಸನದ ಒಬ್ಬ ವಕೀಲೆ

ಕೇಳುವ ಹಕ್ಕಿನ ಬಗ್ಗೆ ನಾನು ಬರೆಯುತ್ತೇನೆ. ಸಂಸತ್ತು ಮಾಡಿದ ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. ಹದಿನೈದು ಮೀಟರ್‌ಗಿಂತ ಎತ್ತರದ ಎಲ್ಲ ಅಣೆಕಟ್ಟುಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಹತ್ತರಿಂದ ಹದಿನೈದು ಮೀಟರಿನವು ಏರಿಯ ಉದ್ದ ಐನೂರು ಮೀಟರ್ ಅಥವಾ ನೀರಿನ ಸಾಮರ್ಥ್ಯ ಹತ್ತು ಲಕ್ಷ ಘನಮೀಟರ್ ಮುಟ್ಟಿದ್ದರೆ ಬರುತ್ತವೆ. ಆದ್ದರಿಂದ ತಮ್ಮ ಜಲಾಶಯವೂ ಒಳಪಡುವ ಸಾಧ್ಯತೆ ಹೆಚ್ಚು. ಮೊದಲು ಎತ್ತರ ಎಷ್ಟೆಂದು ತಿಳಿದುಕೊಳ್ಳಿ.

ಕಾಯ್ದೆಯ ಪ್ರಕಾರ ಅಣೆಕಟ್ಟಿನ ಮಾಲೀಕರು, ಅಂದರೆ ನಮ್ಮಲ್ಲಿ ಬಹುಮಟ್ಟಿಗೆ ಸರ್ಕಾರದ ನಿಗಮ ಅಥವಾ ಇಲಾಖೆ, ಪ್ರತಿ ವರ್ಷ ಮುಂಗಾರಿಗೆ ಮೊದಲು ಒಮ್ಮೆ, ಮುಂಗಾರಿನ ನಂತರ ಒಮ್ಮೆ ತಪಾಸಣೆ ಮಾಡಿಸಲೇಬೇಕು. ಪ್ರವಾಹ, ಭೂಕಂಪದಂಥವು ಸಂಭವಿಸಿದರೆ ಆಗಲೂ ಮಾಡಿಸಬೇಕು. ಅಣೆಕಟ್ಟು ಒಡೆದರೆ ಎಲ್ಲೆಲ್ಲಿ ನೀರು ನುಗ್ಗುತ್ತದೆ, ಯಾರಿಗೆ ಯಾರು ತಿಳಿಸಬೇಕು ಎಂಬ ತುರ್ತು ಕ್ರಿಯಾ ಯೋಜನೆಯನ್ನು ಹಳೆಯ ಅಣೆಕಟ್ಟುಗಳಿಗೆ ಕಾಯ್ದೆ ಜಾರಿಯಾದ ಐದು ವರ್ಷಗಳೊಳಗೆ ಸಿದ್ಧಪಡಿಸಬೇಕು. ತಪಾಸಣೆಯಲ್ಲಿ ಕಂಡ ದೋಷಗಳನ್ನು ಮೂರು ವರ್ಗವಾಗಿ ಬರೆಯುವ ಪದ್ಧತಿಯೂ ಇದೆ: ಒಂದನೆಯದು ಅಣೆಕಟ್ಟು ಒಡೆಯಲು ಕಾರಣವಾಗಬಲ್ಲದ್ದು, ಎರಡನೆಯದು ಬೇಗ ದುರಸ್ತಿಯಾಗಬೇಕಾದ ದೊಡ್ಡ ದೋಷ, ಮೂರನೆಯದು ಸಣ್ಣಪುಟ್ಟದ್ದು.

ಆದ್ದರಿಂದ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ‘ನಮ್ಮ ಅಣೆಕಟ್ಟು ಸುರಕ್ಷಿತವೇ’ ಎಂದು ಕೇಳಬೇಡಿ. ಅಭಿಪ್ರಾಯ ಕೇಳಿದರೆ ‘ಸುರಕ್ಷಿತವಾಗಿದೆ’ ಎಂಬ ಒಂದು ಸಾಲು ಬರುತ್ತದೆ, ಇಲ್ಲವೇ ಅರ್ಜಿಯೇ ತಿರಸ್ಕೃತವಾಗುತ್ತದೆ. ಕಳೆದ ಎರಡು ವರ್ಷಗಳ ಮುಂಗಾರು ಪೂರ್ವ ಮತ್ತು ಮುಂಗಾರು ನಂತರದ ತಪಾಸಣಾ ವರದಿಗಳ ಪ್ರತಿ ಕೊಡಿ ಎಂದು ಕೇಳಿ. ಆ ವರದಿಯಲ್ಲಿ ದೋಷದ ವರ್ಗ ತಾನಾಗಿ ಸಿಗುತ್ತದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ ನೂರೈವತ್ತು ಪದಗಳೊಳಗೆ ಇರಬೇಕು, ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಒಸರಿನ ದೂರನ್ನು ಮಾತ್ರ ಇದರ ಜೊತೆ ಬೆರೆಸದೆ ಬೇರೆಯಾಗಿ, ಇಂದೇ, ಬರಹದಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದ್ದಕ್ಕೆ ಕಚೇರಿಯಲ್ಲಿ ಕಡತ ಹುಟ್ಟುವುದಿಲ್ಲ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಎಂಜಿನಿಯರ್ ಅವರು ಹೇಳಿದಂತೆ ಮೂರು ಭಾನುವಾರ ಅಳೆದೆ. ಹನ್ನೆರಡು ಲೀಟರಿನ ಬಕೆಟ್ಟು ಮೊದಲ ವಾರ ಐವತ್ತು ಸೆಕೆಂಡಿಗೆ ತುಂಬಿತು, ಎರಡನೆಯ ವಾರ ಐವತ್ತೆರಡು, ನಿನ್ನೆ ಐವತ್ತೇಳು. ಅಷ್ಟರಲ್ಲಿ ಜಲಾಶಯದ ಮಟ್ಟ ಎರಡೂವರೆ ಅಡಿ ಇಳಿದಿದೆ. ಮೊದಲ ಎರಡು ಬಾಟಲಿಗಳ ತಳ ಸ್ವಚ್ಛವಾಗಿತ್ತು. ಮೂರನೆಯದರಲ್ಲಿ ನವಿರಾದ ಗೆರೆಯಂತೆ ಏನೋ ಕುಳಿತಿದೆ, ಆದರೆ ಹಿಂದಿನ ದಿನ ಮಳೆ ಬಂದಿತ್ತು, ಮೇಲಿನ ಕೆಸರು ಬೆರೆತಿರಬಹುದು. ಲಿಖಿತ ದೂರು ಕೊಟ್ಟ ನಾಲ್ಕನೆಯ ದಿನ ಒಬ್ಬ ಸಹಾಯಕ ಎಂಜಿನಿಯರ್ ಬಂದು ನೋಡಿ, ಫೋಟೋ ತೆಗೆದುಕೊಂಡು, ಆ ಜಾಗಕ್ಕೆ ಒಂದು ಗೂಟ ಹೊಡೆದು ಹೋಗಿದ್ದಾರೆ. ತೂಬಿನಿಂದ ಆ ಜಾಗ ನೂರು ಅಡಿಗಿಂತ ದೂರವಿದೆ. ಏರಿಯ ಮೇಲೆ ಮೂರು ಹುತ್ತಗಳಿವೆ. ಅವಕ್ಕೆ ಅರಿಶಿನ ಕುಂಕುಮ ಹಚ್ಚಿರುವುದರಿಂದ ಮುಟ್ಟುವಂತಿಲ್ಲ ಎಂದು ಊರಿನವರ ವಾದ, ಅದೊಂದು ಬೇರೆಯೇ ಪಂಚಾಯಿತಿ.

ನಿವೃತ್ತ ಎಂಜಿನಿಯರ್, ಚಿಕ್ಕಮಗಳೂರು

ಮಟ್ಟದ ಜೊತೆ ಧಾರೆಯೂ ಇಳಿದಿರುವುದು ಒಳ್ಳೆಯ ಲಕ್ಷಣ. ಮೂರನೆಯ ಬಾಟಲಿಯನ್ನು ಚೆಲ್ಲಬೇಡಿ, ದಿನಾಂಕ ಬರೆದು ಇಡಿ. ಮುಂದಿನ ಬಾರಿ ಮಳೆಯಿಲ್ಲದ ಎರಡು ದಿನ ಕಳೆದ ಮೇಲೆ, ಧಾರೆಯ ಬಾಯಿಗೇ ಬಾಟಲಿ ಹಿಡಿದು ತುಂಬಿ. ಆಗಲೂ ಗೆರೆ ಕುಳಿತರೆ ಎರಡೂ ಬಾಟಲಿಗಳನ್ನು ಎತ್ತಿಕೊಂಡು ಹೋಗಿ ಆ ಸಹಾಯಕ ಎಂಜಿನಿಯರರ ಮೇಜಿನ ಮೇಲೆ ಇಡಿ. ಗೂಟ ಹೊಡೆದವರು ಮತ್ತೆ ಬಂದೇ ಬರುತ್ತಾರೆ. ಹುತ್ತದ ವಿಷಯದಲ್ಲಿ ಪೂಜೆ ಮಾಡಿಸಿ, ದೊಡ್ಡವರ ಒಪ್ಪಿಗೆ ಪಡೆದು, ಬೇಸಿಗೆಯಲ್ಲಿ ನೀರು ತಗ್ಗಿದಾಗ ಇಲಾಖೆಯವರಿಂದಲೇ ಅಗೆಸಿ ತುಂಬಿಸುವುದು ನಾನು ಕಂಡ ದಾರಿ. ನಮ್ಮ ಕಾಲದಲ್ಲಿ ಅಂಥ ಪೂಜೆಯ ಖರ್ಚನ್ನು ನಾವು ಎಂಜಿನಿಯರುಗಳೇ ಕೈಯಿಂದ ಹಾಕಿಕೊಳ್ಳುತ್ತಿದ್ದೆವು.